ಚೆಂಡೆಯ ದನಿಯಿಂದ ಕಾಳಿಯ ತೀರಕ್ಕೆ

ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ಹೆಬ್ಬೂರು, ಗುಬ್ಬಿ, ಕುಣಿಗಲುಗಳ ಸೀಮೆಯಲ್ಲಿ ಬಯಲಾಟಕ್ಕೆ ಕಾಲ ಕೂಡಿಬರುತ್ತಿತ್ತು. ಹಗಲೆಲ್ಲ ನೇಗಿಲು ಹಿಡಿದ ಕೈ ಇರುಳಿನಲ್ಲಿ ಗದೆ ಹಿಡಿಯುತ್ತಿತ್ತು. ಮಗ್ಗದ ಮುಂದೆ ಕುಳಿತವನು ಮದ್ದಳೆಯ ಮುಂದೆ ಕುಳಿತುಕೊಳ್ಳುತ್ತಿದ್ದನು. ಈ ಬಯಲುಸೀಮೆಯ ಆಟವನ್ನು ಮೂಡಲಪಾಯವೆಂದೂ ಘಟ್ಟದ ಕೆಳಗಿನ ಕರಾವಳಿಯ ಆಟವನ್ನು ಪಡುವಲಪಾಯವೆಂದೂ ಕರೆಯುವುದು ವಾಡಿಕೆ. ಮೂಡಲಪಾಯದಲ್ಲಿ ಹಾಡಿ ಕುಣಿಯುವ ಹಳ್ಳಿಯ ಜನರಿಗೆ ಆಟವು ಹೊಟ್ಟೆಪಾಡಿನ ಮಾರ್ಗವಲ್ಲ. ಅವರು ಹವ್ಯಾಸಿಗಳು, ಪ್ರೀತಿಯಿಂದ ಕಲೆಯನ್ನು ಹಿಡಿದವರು. ಹವ್ಯಾಸವೆಂದರೆ ಹೊತ್ತು ಕಳೆಯುವ ಸಾಧನವೆಂದು ಕೆಲವರು ಭಾವಿಸುವುದುಂಟು. ಆದರೆ ಅದು ಒಬ್ಬ ಮನುಷ್ಯನ ಬಾಳಿಗೆ ಬೆನ್ನೆಲುಬಾಗಬಲ್ಲದು, ಅವನನ್ನು ನಾಡಿನ ಹಿತಕ್ಕಾಗಿ ನಿಲ್ಲುವಂತೆಯೂ ಮಾಡಬಲ್ಲದು. ಪಡುವಲ ಕಡಲಿನ ತೀರದಲ್ಲಿ ಹುಟ್ಟಿದ ಡಾ. ಕೋಟ ಶಿವರಾಮ ಕಾರಂತರ ಜೀವನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಕಾರಂತರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕುಂದಾಪುರ, ಉಡುಪಿಗಳ ನಡುವೆ ಇರುವ ಆ ಊರು ಅಂದು ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಿತು. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಗದ್ದೆ ತೋಟಗಳು, ದೂರದಲ್ಲಿ ನೀಲಿಯಾಗಿ ಕಾಣುವ ಘಟ್ಟದ ಸಾಲು. ಮಳೆಗಾಲ ಕಳೆದೊಡನೆ ಯಕ್ಷಗಾನದ ಮೇಳಗಳು ಊರೂರು ಸುತ್ತುತ್ತಿದ್ದವು. ಚೆಂಡೆಯ ದನಿ ಇರುಳಿನಲ್ಲಿ ಬಹುದೂರದವರೆಗೆ ಕೇಳಿಸುತ್ತದೆ. ಆ ದನಿ ಕಿವಿಗೆ ಬಿದ್ದೊಡನೆ ಹಿರಿಯರು ಕಿರಿಯರೆನ್ನದೆ ಜನರು ಸೂಡಿಯ ಬೆಳಕಿನಲ್ಲಿ ಗದ್ದೆಯ ಅಂಚು ಹಿಡಿದು ಆಟದ ಬಯಲಿಗೆ ನಡೆಯುತ್ತಿದ್ದರು. ಬಾಲಕ ಶಿವರಾಮನು ಬೆಳೆದದ್ದು ಇಂತಹ ಪರಿಸರದಲ್ಲಿ.

ಮಂಗಳೂರಿನಲ್ಲಿ ಕಾಲೇಜಿನ ವ್ಯಾಸಂಗದಲ್ಲಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ದೇಶದ ತುಂಬ ಮೊಳಗಿತು. ತರುಣ ಕಾರಂತರು ಕಾಲೇಜನ್ನು ತೊರೆದರು. ಮುಂದೆ ಹಲವು ವರ್ಷಗಳ ಕಾಲ ಖಾದಿಯ ಪ್ರಚಾರ, ಪಾನನಿರೋಧ, ಸಮಾಜಸುಧಾರಣೆಯ ಕಾರ್ಯಗಳಲ್ಲಿ ತೊಡಗಿ ಹಳ್ಳಿಹಳ್ಳಿಗಳನ್ನು ಸುತ್ತಿದರು. ಎದುರಾಳಿಯ ಮೇಲೆ ಕೈಯೆತ್ತದೆ, ತನಗೆ ಸರಿಯೆನಿಸಿದುದನ್ನು ಬಿಡದೆ ಹೇಳುವ ಮಾರ್ಗವೊಂದು ಉಂಟೆಂಬುದನ್ನು ಅವರು ಇಪ್ಪತ್ತು ತುಂಬುವ ಮೊದಲೇ ಕಂಡುಕೊಂಡರು. ಆ ತಿರುಗಾಟದಲ್ಲಿ ಅವರಿಗೆ ಜನರ ನಿಜವಾದ ಬಾಳು ಪರಿಚಯವಾಯಿತು. ಭಾಷಣ ಮಾಡಿದರೆ ಚದರಿಹೋಗುವ ಜನ ಹಾಡು, ಕುಣಿತಗಳೆಂದರೆ ಬೆಳಗಿನವರೆಗೆ ಕುಳಿತಿರುವರೆಂಬುದೂ ಅವರ ಗಮನಕ್ಕೆ ಬಂದಿತು. ಕ್ರಮೇಣ ಅವರ ಮನಸ್ಸು ರಂಗಭೂಮಿಯ ಕಡೆಗೆ ಹೊರಳಿತು.

ಪುತ್ತೂರನ್ನು ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡ ಕಾರಂತರು ಅಲ್ಲಿ ಬಾಲವನವೆಂಬ ಸಂಸ್ಥೆಯನ್ನು ಕಟ್ಟಿದರು. ಮಕ್ಕಳು ಹಾಡುತ್ತ, ಕುಣಿಯುತ್ತ, ಗಿಡಮರಗಳ ನಡುವೆ ಓಡಾಡುತ್ತ ಕಲಿಯಬೇಕೆಂಬುದು ಅವರ ಹಂಬಲ. ಹಳ್ಳಿಯ ಹುಡುಗ ಹುಡುಗಿಯರನ್ನು ಸೇರಿಸಿ ನಾಟಕಗಳನ್ನು ಆಡಿಸಿದರು. ಮಾತಿಗಿಂತ ಹಾಡಿಗೆ ಹೆಚ್ಚು ಎಡೆಯಿರುವ ಗೀತನಾಟಕಗಳನ್ನು ರಚಿಸಿದರು. ಪುತ್ತೂರಿನ ನಾಡಹಬ್ಬ ಅವರ ಉತ್ಸಾಹದಿಂದ ಕಳೆಗಟ್ಟಿತು. 1936ರಲ್ಲಿ ಅವರು ಲೀಲಾ ಆಳ್ವ ಅವರನ್ನು ವಿವಾಹವಾದರು. ಜಾತಿಯ ಕಟ್ಟನ್ನು ಮೀರಿದ ಈ ಮದುವೆಯನ್ನು ಅಂದಿನ ಸಮಾಜವು ಸುಲಭವಾಗಿ ಒಪ್ಪಲಿಲ್ಲ. ಆದರೆ ಲೀಲಾ ಅವರು ಕಾರಂತರ ಸಾಹಸಗಳಿಗೆಲ್ಲ ಜೊತೆಗಾತಿಯಾಗಿ ನಿಂತರು.

ಕಾರಂತರು ಗುರುಮುಖದಿಂದ ಸಂಗೀತವನ್ನು ಕಲಿತು ಕಚೇರಿ ಮಾಡಿ ಜೀವಿಸಿದವರಲ್ಲ. ಆದರೆ ವಾದ್ಯದ ದನಿಯಲ್ಲಿ ಮನುಷ್ಯನ ಅಂತರಂಗವನ್ನು ಆಲಿಸುವ ಕಿವಿ ಅವರಿಗಿದ್ದಿತು. ಅವರ ಕಾದಂಬರಿಗಳನ್ನು ಓದಿದವರಿಗೆ ಈ ಮಾತಿನ ಅರ್ಥ ತಿಳಿಯುತ್ತದೆ. 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯ ನಾಯಕ ಚೋಮನಿಗೆ ಉಳಲು ಒಂದು ತುಂಡು ನೆಲವಿಲ್ಲ. ಅವನ ಜಾತಿಯ ಕಾರಣದಿಂದ ಸಮಾಜವು ಅವನಿಗೆ ಆ ಹಕ್ಕನ್ನು ನಿರಾಕರಿಸಿದೆ. ಬಾಯಿಬಿಟ್ಟು ಹೇಳಲಾರದ ಸಂಕಟವನ್ನು, ಕೋಪವನ್ನು, ಕ್ಷಣಕಾಲದ ಹರ್ಷವನ್ನು ಅವನು ದುಡಿಯನ್ನು ಬಡಿದು ತೋಡಿಕೊಳ್ಳುತ್ತಾನೆ. ‘ಮರಳಿ ಮಣ್ಣಿಗೆ’ ಕಾದಂಬರಿಯ ನಾಗವೇಣಿಗೆ ದುಃಖದ ದಿನಗಳಲ್ಲಿ ಪಿಟೀಲೇ ಸಂಗಾತಿ. ಅವಳ ಮಗ ರಾಮನು ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು, ಹೊರ ಊರುಗಳಲ್ಲಿ ಅಲೆದು, ಕೊನೆಗೆ ಹುಟ್ಟಿದ ನೆಲಕ್ಕೆ ಹಿಂದಿರುಗುತ್ತಾನೆ. ಹೀಗೆ ಹಾಡು, ನೆಲ ಮತ್ತು ನ್ಯಾಯ ಇವು ಮೂರೂ ಕಾರಂತರ ಮನಸ್ಸಿನಲ್ಲಿ ಒಂದರೊಡನೊಂದು ಹೆಣೆದುಕೊಂಡಿದ್ದವು.

ಅವರ ಕಲಾಜೀವನದ ಬಹುದೊಡ್ಡ ಕಾರ್ಯವು ಯಕ್ಷಗಾನಕ್ಕೆ ಸಂಬಂಧಿಸಿದ್ದು. ಯಕ್ಷಗಾನದಲ್ಲಿ ಭಾಗವತನೇ ಹಾಡುಗಾರ, ಅವನೇ ಸೂತ್ರಧಾರ. ಅವನ ಕೈಯಲ್ಲಿ ತಾಳ. ಪಕ್ಕದಲ್ಲಿ ಮದ್ದಳೆ ಮತ್ತು ಚೆಂಡೆ. ಅವನು ಪದ್ಯವನ್ನು ಹಾಡುತ್ತಿದ್ದಂತೆ ವೇಷಧಾರಿಯು ಕುಣಿಯುತ್ತಾನೆ. ಅನಂತರ ಅದರ ಅರ್ಥವನ್ನು ಮಾತಿನಲ್ಲಿ ವಿಸ್ತರಿಸುತ್ತಾನೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಕಲೆಗೆ ಹೊಸ ಗಾಳಿ ಬೀಸತೊಡಗಿತು. ನಾಟಕ ಕಂಪನಿಗಳ ಥಳುಕಿನ ಉಡುಪುಗಳು, ಜನಪ್ರಿಯ ಮಟ್ಟುಗಳು ರಂಗಸ್ಥಳವನ್ನು ಪ್ರವೇಶಿಸಿದವು. ಹಗುರವಾದ ಮರದಿಂದ ಕೆತ್ತಿದ ಆಭರಣಗಳು, ಚೌಕುಳಿಯ ಕಸೆ ಸೀರೆ, ದೊಡ್ಡ ಮುಂಡಾಸು ಇವುಗಳಿಂದ ಕೂಡಿದ ಹಳೆಯ ವೇಷಗಳು ಮರೆಯಾಗುವ ಸೂಚನೆ ಕಂಡುಬಂದಿತು. ಅವುಗಳೊಡನೆ ಹಳೆಯ ರಾಗಗಳೂ ಕಣ್ಮರೆಯಾಗುತ್ತಿದ್ದವು.

ಕಾರಂತರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಹಳೆಯ ಮನೆಗಳ ಅಟ್ಟಗಳಲ್ಲಿ ಧೂಳು ಹಿಡಿದಿದ್ದ ತಾಳೆಗರಿಯ ಪ್ರಸಂಗಗಳನ್ನು ಹುಡುಕುತ್ತ ಊರೂರು ಅಲೆದರು. ಆ ಗರಿಗಳಲ್ಲಿ ಪ್ರತಿಯೊಂದು ಪದ್ಯದ ನೆತ್ತಿಯ ಮೇಲೆ ರಾಗ, ತಾಳಗಳ ಹೆಸರುಗಳನ್ನು ಬರೆದಿಡುವ ಪದ್ಧತಿಯಿದ್ದಿತು. ಅವುಗಳಲ್ಲಿ ಎಷ್ಟೋ ರಾಗಗಳನ್ನು ಅಂದಿನ ಭಾಗವತರು ಹಾಡುವುದನ್ನು ಬಿಟ್ಟಿದ್ದರು. ಗರಿಯ ಮೇಲೆ ಹೆಸರು ಉಳಿದಿದ್ದರೂ ಕಂಠದಲ್ಲಿ ಸ್ವರ ಉಳಿದಿರಲಿಲ್ಲ. ಕಾರಂತರು ವೃದ್ಧ ಭಾಗವತರ ಬಳಿ ಕುಳಿತು, ಅವರ ನೆನಪಿನ ಆಳದಲ್ಲಿ ಅಡಗಿದ್ದ ಮಟ್ಟುಗಳನ್ನು ಹಾಡಿಸಿ ಕೇಳಿದರು. ಈ ದೀರ್ಘ ಪರಿಶ್ರಮದ ಫಲವೇ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥ. ಇದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಹಳೆಯದನ್ನು ಉಳಿಸಹೊರಟ ಕಾರಂತರು ಹೊಸದಕ್ಕೆ ಹೆದರಿದವರಲ್ಲ. ಕನ್ನಡ ಬಾರದವರೂ ಯಕ್ಷಗಾನವನ್ನು ಸವಿಯುವಂತಾಗಬೇಕೆಂಬ ಆಸೆಯಿಂದ ಅವರು ಮಾತನ್ನು ಕೈಬಿಟ್ಟು, ಹಾಡು ಮತ್ತು ಕುಣಿತಗಳಿಂದಲೇ ಕಥೆಯನ್ನು ನಿರೂಪಿಸುವ ನೃತ್ಯರೂಪಕಗಳನ್ನು ರೂಪಿಸಿದರು. ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಭಾಗವತನ ಕಂಠಕ್ಕೆ ಬೆಂಬಲವಾಗಿ ಪಿಟೀಲು ಮತ್ತು ಸ್ಯಾಕ್ಸೊಫೋನುಗಳನ್ನು ಬಳಸಿದರು. 1971ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಆರಂಭವಾಯಿತು. ಕೇಂದ್ರದ ಸ್ಥಾಪನೆಗೆ ಶ್ರಮಿಸಿದ ಪ್ರೊ. ಕು. ಶಿ. ಹರಿದಾಸ ಭಟ್ಟರಿಗೆ ಕಾರಂತರ ಮಾರ್ಗದರ್ಶನ ಒದಗಿತು. ಎಪ್ಪತ್ತರ ಹರೆಯದಲ್ಲಿಯೂ ಅವರು ಕಲಾವಿದರ ನಡುವೆ ನಿಂತು ತಾವೇ ಹೆಜ್ಜೆ ಹಾಕಿ ತೋರಿಸುತ್ತಿದ್ದರು. ಅವರ ತಂಡವು ಹೊರದೇಶಗಳಲ್ಲಿಯೂ ಪ್ರದರ್ಶನಗಳನ್ನು ನೀಡಿತು.

ಈ ಪ್ರಯೋಗಗಳನ್ನು ಎಲ್ಲರೂ ಮೆಚ್ಚಿದರೆಂದು ಹೇಳುವಂತಿಲ್ಲ. ಅರ್ಥಗಾರಿಕೆಯು ಯಕ್ಷಗಾನದ ಜೀವಾಳವೆಂದೂ ಮಾತನ್ನು ತೆಗೆದರೆ ಆಟವು ಬಡವಾಗುವುದೆಂದೂ ಹಲವರು ಆಕ್ಷೇಪಿಸಿದರು. ಪರಕೀಯ ವಾದ್ಯಗಳು ಬೇಡವೆಂದವರೂ ಇದ್ದರು. ಈ ಆಕ್ಷೇಪಗಳಲ್ಲಿ ಹುರುಳಿಲ್ಲದೆ ಇಲ್ಲ. ಇಂದಿಗೂ ಮೇಳಗಳಲ್ಲಿ ಮಾತಿನ ಸೊಗಸಿಗಾಗಿಯೇ ಕಾದು ಕುಳಿತುಕೊಳ್ಳುವ ಪ್ರೇಕ್ಷಕರುಂಟು. ಕಾರಂತರು ಟೀಕೆಗೆ ಅಂಜಿ ಪ್ರಯೋಗವನ್ನು ನಿಲ್ಲಿಸಲಿಲ್ಲ. ಕಲೆಯಿಂದ ಅವರು ಹೊಟ್ಟೆ ಹೊರೆಯಬೇಕಾಗಿರಲಿಲ್ಲ. ಆದುದರಿಂದ ಯಾರನ್ನೂ ಮೆಚ್ಚಿಸಬೇಕಾಗಿಯೂ ಇರಲಿಲ್ಲ. ಹವ್ಯಾಸಿಯ ಸ್ವಾತಂತ್ರ್ಯವೆಂದರೆ ಇದೇ.

ಈ ಸ್ವಾತಂತ್ರ್ಯವು ಅವರ ಸಾರ್ವಜನಿಕ ಜೀವನದಲ್ಲಿಯೂ ಕಾಣುತ್ತದೆ. 1968ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿದ್ದಿತು. 1975ರಲ್ಲಿ ದೇಶದಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿ ಜನರ ಹಕ್ಕುಗಳನ್ನು ಮೊಟಕುಗೊಳಿಸಿದಾಗ ಅವರು ಆ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಮುಂದೆ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ 1977ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಅಷ್ಟು ಹೊತ್ತಿಗೆ ಎಪ್ಪತ್ತೈದು ವರ್ಷ ತುಂಬಿದ್ದಿತು. ಕೀರ್ತಿಗೆ ಕೊರತೆಯಿರಲಿಲ್ಲ. ವಿಶ್ರಾಂತಿಗೆ ಅರ್ಹವಾದ ವಯಸ್ಸು ಅದು. ಕಾರಂತರು ವಿಶ್ರಮಿಸಲಿಲ್ಲ.

ಪಶ್ಚಿಮ ಘಟ್ಟದ ಕಾಡುಗಳು ಅವರ ಕಣ್ಣೆದುರಿಗೇ ಕರಗುತ್ತಿದ್ದವು. ಬಾಲ್ಯದಿಂದ ಕಂಡ ಮಲೆಗಳು ಬೋಳಾಗುವುದನ್ನು ಅವರು ಸಹಿಸಲಾರದಾದರು. ಹಳ್ಳಿಗರಿಗೆ ಮೇವು, ಸೌದೆ ಒದಗಿಸುತ್ತಿದ್ದ ಸಾಮೂಹಿಕ ಭೂಮಿಯನ್ನು ಕಾರ್ಖಾನೆಯ ನೀಲಗಿರಿ ತೋಪಿಗಾಗಿ ಬಿಟ್ಟುಕೊಟ್ಟಾಗ, ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವರಲ್ಲಿ ಕಾರಂತರೂ ಒಬ್ಬರಾಗಿದ್ದರು. 1986ರಲ್ಲಿ ಪತ್ನಿ ಲೀಲಾ ಅವರು ತೀರಿಕೊಂಡರು. ಅರ್ಧಶತಮಾನದ ಸಂಗಾತಿಯನ್ನು ಕಳೆದುಕೊಂಡ ಆ ದುಃಖದ ದಿನಗಳಲ್ಲಿಯೂ ಅವರು ಕೆಲಸದಿಂದ ಹಿಂದೆ ಸರಿಯಲಿಲ್ಲ.

ಇದೇ ಕಾಲದಲ್ಲಿ ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ತೀರದ ಕೈಗಾ ಎಂಬಲ್ಲಿ ಅಣುವಿದ್ಯುತ್ ಸ್ಥಾವರವನ್ನು ನಿರ್ಮಿಸುವ ಯೋಜನೆ ಸಿದ್ಧವಾಯಿತು. ನಾಡಿಗೆ ವಿದ್ಯುತ್ತು ಬೇಕು, ಕೈಗಾರಿಕೆಗಳು ಬೆಳೆಯಬೇಕು, ಇದಕ್ಕೆ ಅಣುಶಕ್ತಿಯು ಭರವಸೆಯ ಮಾರ್ಗ ಎಂಬುದು ಯೋಜನೆಯ ಬೆಂಬಲಿಗರ ವಾದ. ದಟ್ಟವಾದ ಕಾಡಿನ ನಡುವೆ, ನದಿಯ ಮಗ್ಗುಲಲ್ಲಿ ಇಂತಹ ಸ್ಥಾವರವನ್ನು ಕಟ್ಟಿದರೆ ಅಪಘಾತ ಸಂಭವಿಸಿದಾಗ ಗತಿಯೇನು, ವಿಕಿರಣವುಳ್ಳ ತ್ಯಾಜ್ಯವನ್ನು ತಲೆಮಾರುಗಳವರೆಗೆ ಕಾಯುವವರಾರು ಎಂಬುದು ವಿರೋಧಿಗಳ ಪ್ರಶ್ನೆ. 1986ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೊಬಿಲ್‌ನಲ್ಲಿ ನಡೆದ ಭೀಕರ ದುರಂತವು ಈ ಪ್ರಶ್ನೆಗೆ ತೂಕವನ್ನು ಕೊಟ್ಟಿದ್ದಿತು. ಕಾರಂತರು ವಿರೋಧಿಗಳ ಮುಂದಾಳಾಗಿ ನಿಂತರು. ಊರೂರುಗಳಲ್ಲಿ ಸಭೆಗಳು ನಡೆದವು. ಜನರು ಶಾಂತರಾಗಿ ಸೇರಿ ತಮ್ಮ ಆತಂಕವನ್ನು ತೋಡಿಕೊಂಡರು. ಬೆಳ್ಳಗಿನ ಕೂದಲಿನ ಆ ವೃದ್ಧರು ಅವರ ನಡುವೆ ಕುಳಿತಿರುವುದೇ ಅನೇಕರಿಗೆ ಧೈರ್ಯವಾಗಿದ್ದಿತು. ಅವರ ಮಾತು ಖಾರವಾಗಿದ್ದುದುಂಟು. ಆದರೆ ಮಾರ್ಗವು ಅವರು ಕಾಲೇಜನ್ನು ತೊರೆದ ದಿನಗಳಲ್ಲಿ ಹಿಡಿದ ಶಾಂತಿಯ ಮಾರ್ಗವೇ ಆಗಿದ್ದಿತು.

1989ರ ಲೋಕಸಭಾ ಚುನಾವಣೆಯಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಕಾರಂತರು ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಅಧಿಕಾರದ ಆಸೆ ಅವರಿಗಿರಲಿಲ್ಲ. ಪರಿಸರದ ಪ್ರಶ್ನೆಯನ್ನು ಮತದಾರರ ಮನೆಬಾಗಿಲಿಗೆ ಒಯ್ಯುವುದಷ್ಟೇ ಅವರ ಉದ್ದೇಶ. ಅವರು ಸೋತರು. ಕೈಗಾದ ನಿರ್ಮಾಣವೂ ನಿಲ್ಲಲಿಲ್ಲ. 1994ರ ಮೇ ತಿಂಗಳಿನಲ್ಲಿ, ಇನ್ನೂ ಕಟ್ಟುತ್ತಿದ್ದ ಸ್ಥಾವರದ ಕಾಂಕ್ರೀಟಿನ ಗುಮ್ಮಟದ ಒಳಭಾಗವು ಕುಸಿದುಬಿದ್ದಿತು. ಅನಂತರ ವಿನ್ಯಾಸವನ್ನು ಪರಿಶೀಲಿಸಿ, ತಿದ್ದಿ, ಮತ್ತೆ ಕಟ್ಟಬೇಕಾಯಿತು. ಮೊದಲ ಎರಡು ಘಟಕಗಳು 2000ದಲ್ಲಿ ವಿದ್ಯುತ್ ಉತ್ಪಾದನೆಯನ್ನು ಆರಂಭಿಸಿದವು. ಮುಂದೆ ಇನ್ನೆರಡು ಘಟಕಗಳು ಸೇರಿದವು. ಅದನ್ನು ನೋಡಲು ಕಾರಂತರು ಇರಲಿಲ್ಲ. 1997ರ ಡಿಸೆಂಬರ್ 9ರಂದು ಅವರು ಮಣಿಪಾಲದಲ್ಲಿ ನಿಧನರಾದರು. ಆಗ ಅವರಿಗೆ ತೊಂಬತ್ತೈದು ವರ್ಷ.

ಹಾಗಾದರೆ ಅವರ ಹೋರಾಟವು ವ್ಯರ್ಥವಾಯಿತೆ? ಗೆಲವನ್ನಷ್ಟೇ ಎಣಿಸುವವರಿಗೆ ಹಾಗೆ ತೋರಬಹುದು. ಆದರೆ ಒಂದು ದೊಡ್ಡ ಯೋಜನೆಯನ್ನು ಕೈಗೊಳ್ಳುವಾಗ ಕಾಡು, ನದಿ ಮತ್ತು ಅಲ್ಲಿ ಬಾಳುವ ಜನರ ಗತಿಯೇನೆಂದು ಕೇಳಬೇಕೆಂಬ ಪಾಠವನ್ನು ಅವರು ಕನ್ನಡನಾಡಿಗೆ ಕಲಿಸಿದರು. ವಿದ್ಯುತ್ತು ಬೇಕೆ, ಕಾಡು ಬೇಕೆ ಎಂಬ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಅದನ್ನು ಕೇಳದೆಯೇ ಮುಂದುವರಿಯುವುದು ಮಾತ್ರ ತಪ್ಪೆಂಬುದನ್ನು ಅವರು ಬಾಳಿ ತೋರಿಸಿದರು.

ತಾಳೆಗರಿಯಲ್ಲಿ ಹೆಸರು ಮಾತ್ರ ಉಳಿದ ರಾಗವನ್ನು ಮತ್ತೆ ಹಾಡಿಸಲು ಹಂಬಲಿಸಿದವರು ಕಾರಂತರು. ಹಾಡುವ ಕೊನೆಯ ಕಂಠವೂ ನಿಂತುಹೋದರೆ ರಾಗವು ಮರಳಿ ಬಾರದೆಂಬುದನ್ನು ಅವರು ಬಲ್ಲರು. ಹೀಗೆಯೇ ಕಾಡು ಅಳಿದ ಮೇಲೆ ನಕ್ಷೆಯಲ್ಲಿ ಅದರ ಹೆಸರು ಉಳಿದು ಫಲವೇನು? ಚೆಂಡೆಯ ದನಿಗೆ ಓಗೊಟ್ಟ ಬಾಲಕನೇ ವೃದ್ಧಾಪ್ಯದಲ್ಲಿ ಕಾಳಿಯ ತೀರದ ಜನರ ಮೊರೆಗೂ ಓಗೊಟ್ಟನು. ನಮ್ಮೂರಿನ ಬಯಲಾಟದ ಮದ್ದಳೆಯಾಗಲಿ, ಊರಮುಂದಿನ ಕೆರೆಯಾಗಲಿ, ತೋಪಾಗಲಿ ಹೀಗೆ ಓಗೊಡುವವರಿಗಾಗಿ ಇಂದಿಗೂ ಕಾದಿವೆ.