ಹಿಂಬದಿ ಅಚ್ಚು ಮತ್ತು ಒಂದು ದೊಡ್ಡ ಕನಸು: ಮೋಟಾರು ಕಾರ್ಖಾನೆಗಾಗಿ ಹೋರಾಡಿದ ವಿಶ್ವೇಶ್ವರಯ್ಯ

ಬೆಂಗಳೂರಿನಿಂದ ಪುಣೆಯ ಕಡೆಗೆ ಹೊರಟ ಹೆದ್ದಾರಿ ಸುಮಾರು 160 ಕಿಲೋಮೀಟರ್ ಸಾಗಿದ ಮೇಲೆ ಹಿರಿಯೂರನ್ನು ಮುಟ್ಟುತ್ತದೆ. ಮೈಸೂರಿನ ಕಡೆಯಿಂದ ಹುಳಿಯಾರು ಮಾರ್ಗವಾಗಿ ಬಂದು ಚಳ್ಳಕೆರೆ, ಬಳ್ಳಾರಿಗಳತ್ತ ಸಾಗುವ ರಸ್ತೆ ಇಲ್ಲಿಯೇ ಅದನ್ನು ಸಂಧಿಸುತ್ತದೆ. ಎರಡು ದೊಡ್ಡ ದಾರಿಗಳು ಕೂಡುವ ಊರಿನಲ್ಲಿ ವಾಹನ ರಿಪೇರಿಯ ಕಸುಬು ಬೇರೂರುವುದು ಸಹಜ. ಇಂಥ ಊರಿನ ಯಾವುದೇ ಹಳೆಯ ಗ್ಯಾರೇಜಿನ ಅನುಭವಸ್ಥ ಮೇಸ್ತ್ರಿಗೆ ಅಂಬಾಸಿಡರ್ ಕಾರಿನ ಹಿಂಬದಿ ಅಚ್ಚು, ಅಂದರೆ ಆಕ್ಸಲ್, ಅಂಗೈಯ ರೇಖೆಯಷ್ಟೇ ಪರಿಚಿತ. ಆದರೆ ಆ ಅಚ್ಚು ನಮ್ಮ ದೇಶದಲ್ಲಿಯೇ ತಯಾರಾಗಬೇಕೆಂದು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಖಂಡಗಳನ್ನು ಸುತ್ತಿ, ಸರ್ಕಾರಗಳ ಬಾಗಿಲು ತಟ್ಟಿ, ಕೊನೆಗೆ ಬರಿಗೈಯಲ್ಲಿ ಮರಳಿದ ಒಬ್ಬ ಕನ್ನಡಿಗರ ಕಥೆ ಅಷ್ಟಾಗಿ ಪರಿಚಿತವಲ್ಲ. ಅವರು ಬೇರೆ ಯಾರೂ ಅಲ್ಲ, ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ವಿಶ್ವೇಶ್ವರಯ್ಯ ಎಂದೊಡನೆ ಜನರಿಗೆ ನೆನಪಾಗುವುದು ನೀರು. ಹಿರಿಯೂರಿಗೆ ಸಮೀಪದ ವಾಣಿವಿಲಾಸ ಸಾಗರವೂ ಅವರದೇ ಕೃತಿಯೆಂದು ನಂಬಿರುವವರು ಉಂಟು. ವಾಸ್ತವದಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ಆ ಅಣೆಕಟ್ಟೆಯ ಕೆಲಸ 1898ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಆಗ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದರು. ಅವರ ಕೀರ್ತಿಗೆ ಪರರ ಕೆಲಸವನ್ನು ಸೇರಿಸುವ ಅಗತ್ಯವೂ ಇಲ್ಲ. ಅವರು ಮಾಡಿದ್ದೇ ಒಂದು ಜನ್ಮಕ್ಕೆ ಮಿಗಿಲು. ಮಾಡಲಾಗದೆ ಉಳಿದದ್ದರಲ್ಲಿ ಬಹು ದೊಡ್ಡದು ಮೋಟಾರು ಕಾರ್ಖಾನೆ.

ಮುದ್ದೇನಹಳ್ಳಿಯಿಂದ ಡೆಟ್ರಾಯಿಟ್‌ವರೆಗೆ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಶ್ರೀನಿವಾಸ ಶಾಸ್ತ್ರಿ ಮತ್ತು ವೆಂಕಟಲಕ್ಷ್ಮಮ್ಮ ದಂಪತಿಗಳ ಮಗನಾಗಿ ಹುಟ್ಟಿದ ವಿಶ್ವೇಶ್ವರಯ್ಯ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪೂರೈಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ಏಡನ್ ನಗರದ ನೀರಿನ ಯೋಜನೆ, ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ನೀಡಿದ ಸಲಹೆ: ಹೀಗೆ ಅವರ ಹೆಸರು ದೇಶದಾದ್ಯಂತ ಹರಡಿತು. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು; 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆ ದಶಕದ ಫಲಗಳು.

ಆದರೆ ಅವರ ಮನಸ್ಸು ನೀರಾವರಿಯಲ್ಲಿಯೇ ನಿಂತಿರಲಿಲ್ಲ. 1898ರಲ್ಲಿ ಜಪಾನಿಗೆ ಹೋಗಿ ಬಂದ ಮೇಲೆ ಅವರಲ್ಲಿ ಒಂದು ಪ್ರಶ್ನೆ ಮನೆಮಾಡಿತ್ತು. ಏಷ್ಯಾದ ಒಂದು ಪುಟ್ಟ ರಾಷ್ಟ್ರ ತನ್ನ ಯಂತ್ರಗಳನ್ನು ತಾನೇ ಮಾಡಿಕೊಳ್ಳಬಲ್ಲದಾದರೆ ಭಾರತಕ್ಕೇಕೆ ಸಾಧ್ಯವಿಲ್ಲ ಎಂಬುದು ಆ ಪ್ರಶ್ನೆ. ದಿವಾನಗಿರಿ ಬಿಟ್ಟ ಬಳಿಕ 1919-20ರಲ್ಲಿ ಜಪಾನ್, ಅಮೆರಿಕ, ಇಂಗ್ಲೆಂಡ್‌ಗಳನ್ನು ಸುತ್ತಿದರು. ಮುಂದೆ ನಷ್ಟದಲ್ಲಿ ಮುಳುಗುತ್ತಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ದಡ ಸೇರಿಸಿದರು. ಕಬ್ಬಿಣ ಕೈಗೆ ಬಂದ ಮೇಲೆ ಮುಂದಿನ ಹೆಜ್ಜೆ ಯಂತ್ರ. ಯಂತ್ರಗಳಲ್ಲಿ ಮೋಟಾರು ವಾಹನ ಅತ್ಯಂತ ಹೆಚ್ಚು ಕಸುಬುಗಳನ್ನು ಒಟ್ಟುಗೂಡಿಸುವಂಥದು. ಎರಕ, ಕಮ್ಮಾರಿಕೆ, ಹಲ್ಲುಚಕ್ರ ಕಡಿಯುವುದು, ಸ್ಪ್ರಿಂಗ್, ರಬ್ಬರ್, ಗಾಜು, ಬಣ್ಣ ಎಲ್ಲವೂ ಅದರಲ್ಲಿ ಅಡಗಿವೆ.

ಜೋಡಣೆಗೂ ತಯಾರಿಕೆಗೂ ನಡುವಿನ ಅಂತರ

ಆ ಹೊತ್ತಿಗೆ ಭಾರತದಲ್ಲಿ ಮೋಟಾರು ವಾಹನಗಳು ಹೊಸದೇನಲ್ಲ. ಜನರಲ್ ಮೋಟಾರ್ಸ್ ಸಂಸ್ಥೆ 1928ರಿಂದ ಮುಂಬಯಿಯಲ್ಲಿ ಕಾರು, ಲಾರಿಗಳನ್ನು ಜೋಡಿಸುತ್ತಿತ್ತು. 1930ರ ದಶಕದ ಆರಂಭದಲ್ಲಿ ಫೋರ್ಡ್ ಕೂಡ ಆ ಕೆಲಸಕ್ಕಿಳಿಯಿತು. ಆದರೆ ಇವು ಜೋಡಿಸುವ ಕಾರ್ಖಾನೆಗಳು, ತಯಾರಿಸುವ ಕಾರ್ಖಾನೆಗಳಲ್ಲ. ಎಂಜಿನ್, ಗೇರ್ ಪೆಟ್ಟಿಗೆ, ಹಿಂಬದಿ ಅಚ್ಚು ಹಡಗಿನ ಪೆಟ್ಟಿಗೆಗಳಲ್ಲಿ ಸಿದ್ಧವಾಗಿ ಬರುತ್ತಿದ್ದವು. ಇಲ್ಲಿಯವರು ನಟ್ಟು ಬೋಲ್ಟು ಬಿಗಿಯುತ್ತಿದ್ದರು.

ಈ ಅಂತರವನ್ನು ಅರಿಯಲು ಹಿಂಬದಿ ಅಚ್ಚಿಗಿಂತ ಒಳ್ಳೆಯ ಉದಾಹರಣೆ ಸಿಗದು. ಎಂಜಿನ್ನಿನಿಂದ ಹೊರಟ ಶಕ್ತಿ ಉದ್ದನೆಯ ಪ್ರೊಪೆಲರ್ ಶಾಫ್ಟಿನ ಮೂಲಕ ಹಿಂದಕ್ಕೆ ಬಂದು ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ ತನಗಿಂತ ದೊಡ್ಡದಾದ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ಕೂಡಿದ ಡಿಫರೆನ್ಷಿಯಲ್, ತಿರುವಿನಲ್ಲಿ ಒಳಗಿನ ಚಕ್ರ ನಿಧಾನವಾಗಿಯೂ ಹೊರಗಿನ ಚಕ್ರ ವೇಗವಾಗಿಯೂ ಸುತ್ತಲು ಅವಕಾಶ ಕೊಡುತ್ತದೆ. ಕ್ರೌನ್ ಮತ್ತು ಪಿನಿಯನ್‌ಗಳ ಹಲ್ಲುಗಳು ನೇರವಲ್ಲ, ಬಾಗಿದ ಸುರುಳಿ. ಅವನ್ನು ಕಡಿಯಲು ವಿಶೇಷ ಯಂತ್ರ ಬೇಕು, ಒಳ್ಳೆಯ ಉಕ್ಕು ಬೇಕು, ಕಾಯಿಸಿ ಗಟ್ಟಿಗೊಳಿಸುವ ಹದ ಗೊತ್ತಿರಬೇಕು. ಕಡೆಗೆ ಎರಡನ್ನೂ ಒಂದಕ್ಕೊಂದು ಉಜ್ಜಿ ಜೊತೆ ಮಾಡಬೇಕು. ಇದನ್ನು ಸ್ವಂತವಾಗಿ ಮಾಡಬಲ್ಲ ದೇಶ ಲಾರಿಯನ್ನಷ್ಟೇ ಅಲ್ಲ, ಯಾವ ಯಂತ್ರವನ್ನಾದರೂ ಮಾಡಬಲ್ಲದು. ವಿಶ್ವೇಶ್ವರಯ್ಯನವರು ಬಯಸಿದ್ದು ಈ ಸಾಮರ್ಥ್ಯವನ್ನು.

ಬಾಗಿಲು ತಟ್ಟಿದ ವರ್ಷಗಳು

1934ರಲ್ಲಿ ಅವರು ದೇಶಕ್ಕೊಂದು ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂಬ ವಾದವನ್ನು ಪುಸ್ತಕರೂಪದಲ್ಲಿ ಮುಂದಿಟ್ಟರು. ಮರುವರ್ಷ ಯುರೋಪ್ ಮತ್ತು ಅಮೆರಿಕಗಳಿಗೆ ತೆರಳಿ ಮೋಟಾರು ಉದ್ಯಮವನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ಹಿಂದಿರುಗಿದ ಬಳಿಕ ಮುಂಬಯಿಯಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸುವ ಸವಿವರ ಯೋಜನೆ ಸಿದ್ಧವಾಯಿತು. ಉದ್ಯಮಿಗಳ ಪೈಕಿ ಅದಕ್ಕೆ ಹೆಗಲು ಕೊಟ್ಟವರು ಸಿಂಧಿಯಾ ಹಡಗು ಕಂಪನಿಯ ಮೂಲಕ ಬ್ರಿಟಿಷ್ ಹಡಗು ವ್ಯಾಪಾರಕ್ಕೆ ಎದುರು ನಿಂತಿದ್ದ ವಾಲ್‌ಚಂದ್ ಹೀರಾಚಂದ್.

1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಸರ್ಕಾರ ಯೋಜನೆಯತ್ತ ಒಲವು ತೋರಿತು. ಹಣ ಹೂಡುವವರಿಗೆ ಕನಿಷ್ಠ ಪ್ರತಿಫಲದ ಭರವಸೆ ನೀಡಲೂ ಮುಂದಾಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ, 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ವಿಶ್ವೇಶ್ವರಯ್ಯನವರು ಕೈಕಟ್ಟಿ ಕೂರಲಿಲ್ಲ. ಯೋಜನೆ ತವರಿಗೆ ತಿರುಗಿತು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಕಟ್ಟುವ ಮಾತು ನಡೆಯಿತು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಮೈಸೂರು ಸರ್ಕಾರ ನೆರವಿಗೆ ಒಪ್ಪಿತು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ವಾಲ್‌ಚಂದ್ ಒಪ್ಪಂದ ಮಾಡಿಕೊಂಡರು.

ಅಡ್ಡಿ ಬಂದದ್ದು ದೆಹಲಿಯಿಂದ. ಯುದ್ಧಕಾಲದಲ್ಲಿ ಯಂತ್ರಗಳ ಆಮದಿಗೆ ಡಾಲರ್ ಒದಗಿಸಲಾಗದು, ಇದು ಯುದ್ಧಕ್ಕೆ ತುರ್ತಾದ ಕೆಲಸವಲ್ಲ ಎಂಬುದು ಭಾರತ ಸರ್ಕಾರದ ನಿಲುವಾಗಿತ್ತು. ಸೇನೆಗೆ ಲಾರಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೇಕಾಗಿದ್ದ ಕಾಲದಲ್ಲಿ ಲಾರಿ ಮಾಡುವ ಕಾರ್ಖಾನೆ ತುರ್ತಲ್ಲವೆಂಬ ವಾದ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ದೆಹಲಿಯ ಇಂಗಿತ ಅರಿತ ಮೈಸೂರು ಸರ್ಕಾರವೂ ಹಿಂದೆ ಸರಿಯಿತು. ಸಂಸ್ಥಾನವೊಂದು ಸಾಮ್ರಾಜ್ಯದ ಮಾತನ್ನು ಮೀರುವುದು ಆಗ ಸುಲಭವಿರಲಿಲ್ಲ. ತಾವೇ ಕಟ್ಟಿ ಬೆಳೆಸಿದ ರಾಜ್ಯ ತಮ್ಮ ಕೈಬಿಟ್ಟದ್ದು ವೃದ್ಧ ಎಂಜಿನಿಯರರಿಗೆ ಆದ ದೊಡ್ಡ ಪೆಟ್ಟು.

ವಿಪರ್ಯಾಸವೆಂದರೆ, ಮೋಟಾರಿಗೆ ತೆರೆಯದ ಬಾಗಿಲು ವಿಮಾನಕ್ಕೆ ತೆರೆಯಿತು. ಅದೇ ವಾಲ್‌ಚಂದ್ ಅಮೆರಿಕದ ವಿಲಿಯಂ ಪಾಲಿಯವರ ಸಹಯೋಗ ಪಡೆದು, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಇಂದಿನ ಎಚ್‌ಎಎಲ್‌ನ ಮೂಲ ಅದೇ. ಯುದ್ಧದ ಅವಸರಕ್ಕೆ ವಿಮಾನ ಬೇಕಾಗಿತ್ತು. ದೇಶದ ದೀರ್ಘಕಾಲದ ಅಗತ್ಯಕ್ಕೆ ಬೇಕಾಗಿದ್ದ ಲಾರಿ ಬೇಡವಾಯಿತು.

ವಿಶ್ವೇಶ್ವರಯ್ಯನವರು 1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆಯ ಅಧ್ಯಕ್ಷರಾಗಿ ತಮ್ಮ ವಾದವನ್ನು ಮುಂದುವರಿಸಿದರು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯ ಹಣವನ್ನು ಕೈಗೆ ಮುಟ್ಟದೆ, ಕಸುಬು ಕಲಿಸುವ ಶಾಲೆಗೆ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ ಹುಟ್ಟಿದ್ದು ಹೀಗೆ. ಕಾರ್ಖಾನೆ ಸಿಗದಿದ್ದರೂ ಕಾರ್ಖಾನೆಗೆ ಬೇಕಾದ ಕೈಗಳಾದರೂ ಸಿದ್ಧವಾಗಲಿ ಎಂಬಂತಿತ್ತು ಆ ದಾನ.

ಸೋಲಿನ ನಂತರದ ಗೆಲುವು

ವಾಲ್‌ಚಂದ್ ಅವರ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಎರಡು ವರ್ಷ ಮೊದಲು, 1942ರಲ್ಲಿ, ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತ್ತು. ಸ್ವಾತಂತ್ರ್ಯಾನಂತರ ಸುಂಕ ಆಯೋಗದ ಶಿಫಾರಸಿನ ಮೇರೆಗೆ 1953ರಲ್ಲಿ ಕೇಂದ್ರ ಸರ್ಕಾರ, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಅವಕಾಶವಿಲ್ಲವೆಂದು ನಿರ್ಧರಿಸಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಭಾರತದ ಕಾರ್ಖಾನೆಗಳನ್ನು ಮುಚ್ಚಿದವು. ಸುಮಾರು ಎರಡು ದಶಕ ಹಿಂದೆ ವಿಶ್ವೇಶ್ವರಯ್ಯನವರು ಹಿಡಿದ ಪಟ್ಟು ದೇಶದ ನೀತಿಯಾಯಿತು. ಅದರ ನೆರಳಿನಲ್ಲಿ ಬೆಳೆದವು ಅಂಬಾಸಿಡರ್ ಮತ್ತು ಮುಂದೆ ಪದ್ಮಿನಿ ಎಂದು ಹೆಸರಾದ ಪ್ರೀಮಿಯರ್ ಕಾರುಗಳು. ಪೈಪೋಟಿ ಇಲ್ಲದೆ ಅವು ದಶಕಗಟ್ಟಲೆ ಬದಲಾಗದೆ ಉಳಿದದ್ದು ಆ ನೀತಿಯ ಇನ್ನೊಂದು ಮುಖ. ಅದನ್ನೂ ಮರೆಯುವಂತಿಲ್ಲ.

1955ರಲ್ಲಿ ಭಾರತರತ್ನ ಬಂತು. 1960ರಲ್ಲಿ ಜನ್ಮಶತಮಾನೋತ್ಸವದ ಅಂಚೆಚೀಟಿಯನ್ನು ಬದುಕಿರುವಾಗಲೇ ಕಂಡ ಅಪರೂಪದ ಭಾಗ್ಯ ಅವರದಾಯಿತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನಿಧನರಾದರು.

ಹಳೆಯ ಅಚ್ಚಿನ ಗುರುತು

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಅದನ್ನು ಮಗುವಿನಂತೆ ಸಾಕಿಕೊಂಡವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಒಂದು ಕಾಲದ ಇಕ್ಕಟ್ಟಾದ ರಸ್ತೆಗೆ ಹೊಂದುತ್ತಿದ್ದ ಹಿಂಬದಿ ಅಚ್ಚು ಇಂದಿನ ಹೆದ್ದಾರಿಯಲ್ಲಿ ಎಂಜಿನ್ನನ್ನು ವಿಪರೀತ ಓಡಿಸುತ್ತದೆ ಎಂಬುದು ಅವರ ಸಾಮಾನ್ಯ ದೂರು. ಆದುದರಿಂದ ಅಚ್ಚನ್ನು ಬದಲಿಸುವ ಆಸೆ ಮೂಡುತ್ತದೆ. ಇಲ್ಲಿ ಅವಸರ ಸಲ್ಲದು.

ಮೊದಲು ಇರುವುದು ಯಾವ ಅಚ್ಚು ಎಂದು ಗುರುತಿಸಬೇಕು. ಹಳೆಯ ಕಾರುಗಳಿಗೆ ಕೈಬದಲಾದಂತೆಲ್ಲ ಬೇರೆ ಗಾಡಿಯ ಅಚ್ಚು ಸೇರಿರುವ ಸಾಧ್ಯತೆ ಇರುವುದರಿಂದ ದಾಖಲೆಯನ್ನಷ್ಟೇ ನಂಬುವಂತಿಲ್ಲ. ಹೌಸಿಂಗ್ ಮೇಲಿನ ಎರಕದ ಸಂಖ್ಯೆಯನ್ನು ತೊಳೆದು ಓದಬೇಕು. ಮುಂದಿನ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಹಿಂಭಾಗವನ್ನು ಎತ್ತಿ ಭದ್ರವಾದ ಊರುಗೋಲಿನ ಮೇಲೆ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಆಗ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ಬಂತೆಂದು ಸೀಮೆಸುಣ್ಣದ ಗುರುತಿನಿಂದ ಎಣಿಸಿದರೆ ಅದೇ ಅಚ್ಚಿನ ಅನುಪಾತ. ಹೌಸಿಂಗ್ ಬಿಚ್ಚಿ ಹಲ್ಲು ಎಣಿಸಿದರೆ ಲೆಕ್ಕ ಖಚಿತ. ಕ್ರೌನ್‌ಗೆ 39, ಪಿನಿಯನ್‌ಗೆ 8 ಹಲ್ಲಿದ್ದರೆ ಅನುಪಾತ 4.875, 41 ಮತ್ತು 9 ಇದ್ದರೆ ಸುಮಾರು 4.56. ಮೊದಲನೆಯದರಿಂದ ಎರಡನೆಯದಕ್ಕೆ ಬದಲಾಯಿಸಿದರೆ ಅದೇ ವೇಗದಲ್ಲಿ ಎಂಜಿನ್ನಿನ ಸುತ್ತು ಶೇಕಡಾ 6ಕ್ಕಿಂತ ತುಸು ಹೆಚ್ಚು ತಗ್ಗುತ್ತದೆ.

ಲಾಭಕ್ಕೆ ತಕ್ಕ ಬೆಲೆಯೂ ಉಂಟು. ಏರು ಹತ್ತುವ ಶಕ್ತಿ ಕುಂದುತ್ತದೆ. ಗೇರ್ ಪೆಟ್ಟಿಗೆಯಿಂದ ಚಲಿಸುವ ವೇಗಮಾಪಕ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ಸರಿಪಡಿಸದೆ ಹೆದ್ದಾರಿಗೆ ಇಳಿಯುವುದು ಅಪಾಯ. ಕ್ರೌನ್ ಮತ್ತು ಪಿನಿಯನ್‌ಗಳನ್ನು ಯಾವಾಗಲೂ ಜೊತೆಯಾಗಿಯೇ ಬದಲಿಸಬೇಕು. ಇಡೀ ಅಚ್ಚನ್ನೇ ಬದಲಿಸುವುದಾದರೆ ಚಕ್ರಗಳ ನಡುವಿನ ಅಗಲ, ಸ್ಪ್ರಿಂಗ್ ಕೂರುವ ಜಾಗ, ಬ್ರೇಕ್ ಡ್ರಮ್ಮಿನ ಅಳತೆ, ಶಾಫ್ಟಿನ ಉದ್ದ ಇವೆಲ್ಲ ಹೊಂದಬೇಕು. ಹೈಪಾಯ್ಡ್ ಹಲ್ಲುಗಳಿಗೆ ಅದಕ್ಕೆಂದೇ ಇರುವ ಎಣ್ಣೆಯೇ ಆಗಬೇಕು. ಅಳೆದು ನೋಡಿ, ಲೆಕ್ಕ ಹಾಕಿ, ಆಮೇಲೆ ಕೈಹಾಕುವುದು ವಿಶ್ವೇಶ್ವರಯ್ಯನವರ ಮಾರ್ಗವೂ ಆಗಿತ್ತು.

ಮೈಸೂರು ಸಂಸ್ಥಾನ ಹಿಂದೆ ಸರಿದ ನಾಲ್ಕು ದಶಕಗಳ ನಂತರ, 1981ರಲ್ಲಿ, ಆಟೋಮೋಟಿವ್ ಆಕ್ಸಲ್ಸ್ ಎಂಬ ಕಂಪನಿ ಸ್ಥಾಪನೆಯಾಯಿತು. ಅದರ ಕಾರ್ಖಾನೆ ಎದ್ದದ್ದು ಮೈಸೂರಿನ ಹೂಟಗಳ್ಳಿಯಲ್ಲಿ. ಅಲ್ಲಿ ತಯಾರಾಗುವುದು ಲಾರಿ, ಬಸ್ಸುಗಳ ಹಿಂಬದಿ ಅಚ್ಚುಗಳು. ಹಿರಿಯೂರಿನ ಕೂಡುದಾರಿಯಲ್ಲಿ ಹಗಲಿರುಳೂ ಭಾರ ಹೊತ್ತು ಸಾಗುವ ಲಾರಿಗಳ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ತಿರುಗುವ ಆ ಅಚ್ಚುಗಳಿಗೆ ವಿಶ್ವೇಶ್ವರಯ್ಯನವರ ಹೆಸರಿಲ್ಲ. ಆದರೆ ಅವು ಈ ನೆಲದಲ್ಲಿಯೇ ತಯಾರಾಗಬೇಕೆಂದು ಮೊದಲು ಲೆಕ್ಕ ಹಾಕಿ ಹೇಳಿದವರಲ್ಲಿ ಅವರು ಅಗ್ರಗಣ್ಯರು.