ಪ್ರಾಮಾಣಿಕ ನಾಯಕತ್ವಕ್ಕೆ ಮಾದರಿ: ಗಾನಯೋಗಿ ಪಂಚಾಕ್ಷರ ಗವಾಯಿ

ಕರಾವಳಿಯಿಂದ ಘಟ್ಟ ಹತ್ತಿ ಶಿರಸಿ ದಾಟಿದರೆ ಹಾನಗಲ್ಲ ಸೀಮೆ. ಅದರ ಆಚೀಚೆ ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಭಕ್ತ ಕನಕದಾಸರು ಮತ್ತು ಶಿಶುನಾಳ ಶರೀಫರು ಶಿಗ್ಗಾಂವಿ ತಾಲ್ಲೂಕಿನವರು, ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಸರ್ವಜ್ಞನನ್ನು ಹಿರೇಕೆರೂರು ಸೀಮೆಯ ಜನ ತಮ್ಮವನೆಂದೇ ನೆನೆಯುತ್ತಾರೆ. ಇದೇ ಮಣ್ಣಿನಲ್ಲಿ ಹುಟ್ಟಿ, ಒಂದು ಸಂಸ್ಥೆಯನ್ನು ಹೇಗೆ ನಡೆಸಬೇಕೆಂದು ಬದುಕಿ ತೋರಿಸಿದ ಪಂಚಾಕ್ಷರ ಗವಾಯಿಗಳನ್ನು ಈ ಬಾರಿ ನಾವು ನೆನೆಯಲು ಬಯಸುತ್ತೇವೆ.

1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಅವರ ಜನನ. ಹುಟ್ಟು ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ, ಅಣ್ಣನಿಗೂ ದೃಷ್ಟಿಯಿರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಉಳಿದಿದ್ದ ದಾರಿ ಎರಡೇ: ಮನೆಯ ಮೂಲೆ, ಇಲ್ಲವೇ ಭಿಕ್ಷೆ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು (1867-1930) ಈ ಮಕ್ಕಳ ಕಂಠವನ್ನು ಗುರುತಿಸಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರೂ ಇವರೇ.

ಗದಿಗೆಯ್ಯ ಕರ್ನಾಟಕ ಸಂಗೀತವನ್ನೂ, ಮುಂದೆ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತು ಎರಡೂ ಪದ್ಧತಿಗಳಲ್ಲಿ ಪ್ರವೀಣರಾದರು. ಅಂಥ ವಿದ್ಯೆಯಿದ್ದವರು ದೊಡ್ಡ ಊರುಗಳ ಕಛೇರಿಗಳಲ್ಲಿ ಹಾಡಿ ಸುಖವಾಗಿ ಬಾಳಬಹುದಿತ್ತು. ಗವಾಯಿಗಳು ಆ ದಾರಿ ಹಿಡಿಯಲಿಲ್ಲ. ತಮಗೆ ದೊರೆತ ಆಶ್ರಯವನ್ನು ತಮ್ಮಂಥ ಇತರರಿಗೂ ಕೊಡಬೇಕೆಂದು ಸಂಕಲ್ಪಿಸಿ, ಅಂಧರನ್ನೂ ಅನಾಥರನ್ನೂ ಸೇರಿಸಿಕೊಂಡು ಸಂಗೀತ ಕಲಿಸತೊಡಗಿದರು. ಜಾತಿ ಕೇಳಲಿಲ್ಲ, ಶುಲ್ಕ ಕೇಳಲಿಲ್ಲ.

ಆದರೆ ಇಷ್ಟು ಹೊಟ್ಟೆಗಳಿಗೆ ಅನ್ನ ಎಲ್ಲಿಂದ ಬರಬೇಕು? ಹಲವು ವರ್ಷ ಅವರ ಪಾಠಶಾಲೆಗೆ ನೆಲೆಯೇ ಇರಲಿಲ್ಲ. ಶಿಷ್ಯರೊಡನೆ ಊರೂರು ತಿರುಗಬೇಕಾಯಿತು. ಖರ್ಚಿಗಾಗಿ ನಾಟಕ ಕಂಪನಿ ಕಟ್ಟಿದರು. ಕಷ್ಟನಷ್ಟಗಳನ್ನು ಅನುಭವಿಸಿದರು, ಆದರೂ ಮಕ್ಕಳನ್ನು ಕೈಬಿಡಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಕಣ್ಣಿಲ್ಲದ ಮಗು ತನ್ನ ಹೆಸರಿನಲ್ಲಿ ಬಂದ ದಾನವೆಷ್ಟು, ಅದು ಹೋದದ್ದೆಲ್ಲಿಗೆ ಎಂದು ಲೆಕ್ಕದ ಪುಸ್ತಕ ತೆರೆದು ನೋಡಲಾರದು. ಅದಕ್ಕೆ ಗೊತ್ತಿರುವುದು ಇಷ್ಟೇ: ತಟ್ಟೆಗೆ ಅನ್ನ ಬಿತ್ತೇ, ಇಂದು ಪಾಠ ನಡೆಯಿತೇ. ಪ್ರಶ್ನಿಸಲಾರದವರ ಪಾಲನ್ನು ಅವರಿಗೇ ಮುಟ್ಟಿಸುವುದೇ ನಿಜವಾದ ಪ್ರಾಮಾಣಿಕತೆ. ಲೆಕ್ಕ ತಪಾಸಣೆಯವರು ಬರುತ್ತಾರೆಂದು ಸರಿಯಾಗಿ ನಡೆಯುವುದು ಬರೀ ಎಚ್ಚರಿಕೆ.

ಗವಾಯಿಗಳ ಬಾಳಿನ ಕೊನೆಯ ವರ್ಷಗಳಲ್ಲಿ ಗದಗದಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಶಾಲೆಗೆ ನೆಲೆ ಸಿಕ್ಕಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಗಮನಿಸಿ, ಆ ಹೆಸರಿನಲ್ಲಿ ಗವಾಯಿಗಳ ಹೆಸರಿಲ್ಲ. ನಾಟಕ ಕಂಪನಿಗೂ ಅವರು ಇಟ್ಟದ್ದು ಗುರು ಕುಮಾರೇಶ್ವರರ ಹೆಸರು.

1944ರಲ್ಲಿ ಗವಾಯಿಗಳು ನಿಧನರಾದಾಗ ಹೊಣೆ ಹೊತ್ತವರು ಅವರ ರಕ್ತಸಂಬಂಧಿಯಲ್ಲ, ಅವರೇ ಬೆಳೆಸಿದ ಅಂಧ ಶಿಷ್ಯ, ಹಾನಗಲ್ಲ ತಾಲ್ಲೂಕಿನ ದೇವಗಿರಿಯ ಪುಟ್ಟರಾಜ ಗವಾಯಿ. 2010ರಲ್ಲಿ ಕೊನೆಯುಸಿರೆಳೆಯುವವರೆಗೆ, ಅಂದರೆ 66 ವರ್ಷ, ಅವರು ಆಶ್ರಮವನ್ನು ನಡೆಸಿದರು. ಪ್ರಸಿದ್ಧ ಗಾಯಕ ಬಸವರಾಜ ರಾಜಗುರು ಕೂಡ ಪಂಚಾಕ್ಷರ ಗವಾಯಿಗಳ ಶಿಷ್ಯರೇ. ಗುರುಗಳ ಬದುಕು 1995ರಲ್ಲಿ ಚಲನಚಿತ್ರವಾಗಿಯೂ ಬಂದಿತು.

ಅವರ ಧರ್ಮ ಬೇರೆ, ನಮ್ಮದು ಬೇರೆ. ಆದರೆ ಒಳ್ಳೆಯದು ಎಲ್ಲಿ ಕಂಡರೂ ಅದನ್ನು ಗೌರವಿಸಲು ಧರ್ಮಸಭೆ ನಮಗೆ ಕಲಿಸಿದೆ. ಒಡೆಯನ ಆಸ್ತಿಗೆ ಲೆಕ್ಕ ಒಪ್ಪಿಸಬೇಕಾದ ಮೇಲ್ವಿಚಾರಕನ ಸಾಮತಿಯನ್ನು ಪ್ರಭು ಯೇಸು ಹೇಳಿದ್ದಾರೆ. ಶಾಲೆ, ಆಸ್ಪತ್ರೆ, ಹಾಸ್ಟೆಲ್, ಧರ್ಮಕೇಂದ್ರದ ಕಚೇರಿ, ಸಂಘಗಳ ಕಾಣಿಕೆ ಡಬ್ಬಿ: ಇವುಗಳ ಹೊಣೆ ಹೊತ್ತ ನಾವು, ಗುರುಗಳೇ ಆಗಲಿ ಶ್ರೀಸಾಮಾನ್ಯರೇ ಆಗಲಿ, ಮೇಲ್ವಿಚಾರಕರೇ ಹೊರತು ಒಡೆಯರಲ್ಲ.

ಆದ್ದರಿಂದ ನಮ್ಮನ್ನು ನಾವೇ ಕೆಲವು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಕೈಕೆಳಗೆ ದುಡಿಯುವ ಅಡುಗೆಯವರಿಗೆ, ಕಸಗುಡಿಸುವವರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ? ಬಡವರಿಗೆಂದು ಬಂದ ಹಣ ಕಟ್ಟಡದ ಖರ್ಚಿಗೆ ಹೋಗುತ್ತಿದೆಯೇ? ಕಲ್ಲಿನ ಮೇಲೆ ನಮ್ಮ ಹೆಸರು ಕೆತ್ತಿಸುವ ಆಸೆ, ಕೆಲಸ ಮುಂದುವರಿಸುವವರನ್ನು ತಯಾರು ಮಾಡುವ ಆಸೆಗಿಂತ ದೊಡ್ಡದಾಗಿದೆಯೇ?

ಉತ್ತರ ಕೊಡಲು ಮುಜುಗರವಾದರೆ, ತಿದ್ದಿಕೊಳ್ಳಲು ಅಲ್ಲಿಂದಲೇ ಆರಂಭಿಸೋಣ. ಕಣ್ಣಿಲ್ಲದವರೊಬ್ಬರು ಕಂಡುಕೊಂಡ ದಾರಿಯನ್ನು ಕಣ್ಣಿರುವ ನಾವು ತಪ್ಪಿಸಿಕೊಳ್ಳದಂತೆ ದೇವರು ನಮ್ಮೆಲ್ಲರನ್ನೂ ನಡೆಸಲಿ.