ಚಿತ್ರಕಾರ ಪಾಲ್ ಕ್ಲೇ ಮತ್ತು ಆತನ ವ್ಯಾಧಿ

ಪಾಶ್ಚಾತ್ಯ ಚಿತ್ರಕಲೆಯ ವಿಷಯ ಬಲ್ಲವರಿಗೆ ಪಾಲ್ ಕ್ಲೇಯ ಹೆಸರು ಹೊಸದಲ್ಲ. ಆತನ ರೇಖೆಗಳನ್ನೂ ಬಣ್ಣಗಳನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಹೆಚ್ಚಾಗಿ ಆತನ ಊಟದ ಸಂಗತಿ. ಕಲಾವಿದನೊಬ್ಬನ ಚರಿತ್ರೆಯಲ್ಲಿ ಇದೇನು ಮಾತು ಎಂದು ಓದುಗರು ಹುಬ್ಬೇರಿಸಬಹುದು. ಆದರೂ ಜೀವಿತದ ಕಡೆಯ ಐದು ವರ್ಷ ಆತನು ಒಂದು ತುತ್ತಿಗಾಗಿ ಪಟ್ಟ ಪಾಡನ್ನು ಬಿಟ್ಟರೆ ಆ ಚರಿತ್ರೆ ಅರ್ಧವಾಗಿಯೇ ಉಳಿಯುತ್ತದೆಂಬುದು ನನ್ನ ಎಣಿಕೆ.

ಕ್ಲೇ ಹುಟ್ಟಿದ್ದು 1879ನೆಯ ಇಸವಿ ಡಿಸೆಂಬರ್ 18ರಂದು, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಬಳಿಯ ಮುನ್ಶೆನ್‌ಬುಕ್ಸೇ ಎಂಬ ಊರಿನಲ್ಲಿ. ತಂದೆ ಜರ್ಮನ್ ದೇಶದವನು, ಸಂಗೀತದ ಉಪಾಧ್ಯಾಯ. ತಾಯಿ ಸ್ವಿಸ್ ಹೆಂಗಸು, ಗಾಯಕಿ. ಮಗನು ಹನ್ನೊಂದನೆಯ ವಯಸ್ಸಿಗೇ ಬರ್ನಿನ ವಾದ್ಯವೃಂದದಲ್ಲಿ ಪಿಟೀಲು ಹಿಡಿದು ಕೂರುವಷ್ಟು ಪಳಗಿದ್ದನು. ಹಾಗಿದ್ದರೂ ಆತನು ಆರಿಸಿಕೊಂಡದ್ದು ಚಿತ್ರಕಲೆಯನ್ನು. ಮ್ಯೂನಿಕ್‌ನಲ್ಲಿ ವ್ಯಾಸಂಗ ಮಾಡಿ, 1906ರಲ್ಲಿ ಪಿಯಾನೋ ವಾದಕಿ ಲಿಲಿ ಸ್ಟಂಫಳನ್ನು ಮದುವೆಯಾದನು. ಮರುವರ್ಷ ಮಗ ಫೆಲಿಕ್ಸ್ ಹುಟ್ಟಿದನು.

ಆ ದಿನಗಳಲ್ಲಿ ಚಿತ್ರಗಳಿಗೆ ಕೊಳ್ಳುವವರಿರಲಿಲ್ಲ. ಹೆಂಡತಿ ಪಿಯಾನೋ ಪಾಠ ಹೇಳಿ ಸಂಪಾದಿಸುತ್ತಿದ್ದಳು. ಗಂಡ ಮನೆಯಲ್ಲಿದ್ದು ಮಗುವನ್ನು ನೋಡಿಕೊಂಡು ಅಡಿಗೆ ಮಾಡುತ್ತಿದ್ದನು. ಇದನ್ನು ಆತನು ಹೊರೆಯೆಂದು ಭಾವಿಸಲಿಲ್ಲ. ಅಡಿಗೆಯಲ್ಲಿ ಆತನಿಗೆ ನಿಜವಾದ ರುಚಿಯಿತ್ತು; ಯಾವ ದಿನ ಏನು ಬೇಯಿಸಿದೆನೆಂಬುದನ್ನು ದಿನಚರಿಯಲ್ಲಿ ಬರೆದಿಡುವಷ್ಟು ಆಸಕ್ತಿಯಿತ್ತು. ಮಗನಿಗಾಗಿ ಕೈಗೊಂಬೆಗಳನ್ನು ಮಾಡಿಕೊಟ್ಟದ್ದೂ ಇದೇ ಕೈ.

1914ರಲ್ಲಿ ಗೆಳೆಯರಿಬ್ಬರೊಡನೆ ಟ್ಯುನೀಸಿಯಾ ದೇಶಕ್ಕೆ ಹೋಗಿ ಬಂದ ಮೇಲೆ ಆತನ ಬಣ್ಣಗಳು ಅರಳಿದುವು. ಮುಂದೆ ಹತ್ತು ವರ್ಷ ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯಲ್ಲಿ ಅಧ್ಯಾಪಕನಾಗಿದ್ದು, 1931ರಲ್ಲಿ ಡ್ಯುಸೆಲ್ಡಾರ್ಫ್ ಅಕಾಡೆಮಿಯನ್ನು ಸೇರಿದನು. 1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದರು. ಕ್ಲೇಯ ಕೆಲಸ ಹೋಯಿತು. ಆ ವರ್ಷದ ಕೊನೆಗೆ ಆತನು ಹೆಂಡತಿಯೊಡನೆ ಬರ್ನ್ ನಗರಕ್ಕೆ ಹಿಂದಿರುಗಿ, ಚಿಕ್ಕ ಮನೆಯೊಂದರಲ್ಲಿ ನೆಲೆಸಿದನು.

ಎರಡೇ ವರ್ಷಗಳಲ್ಲಿ, 1935ರಲ್ಲಿ, ಕಾಯಿಲೆ ಹಿಡಿಯಿತು. ವೈದ್ಯರು ದಡಾರವೆಂದರು, ಆಮೇಲೆ ತೋರಿದ ತೊಂದರೆಗಳನ್ನೆಲ್ಲ ಅದರ ಉಳಿಕೆಯೆಂದೇ ಎಣಿಸಲಾಯಿತು. ಅದು ಸ್ಕ್ಲೆರೋಡರ್ಮಾ ಇದ್ದೀತೆಂಬ ನಿರ್ಣಯ ಬೆಳಕಿಗೆ ಬಂದದ್ದು ಆತನು ಸತ್ತ ಬಹುಕಾಲದ ಮೇಲೆ. ಹಾನ್ಸ್ ಸುಟರ್ ಎಂಬ ಸ್ವಿಸ್ ಚರ್ಮವೈದ್ಯರು ಕಾಗದಪತ್ರಗಳನ್ನೂ ಭಾವಚಿತ್ರಗಳನ್ನೂ ವರ್ಷಗಟ್ಟಲೆ ಪರಿಶೀಲಿಸಿ ಇದನ್ನು ಸಮರ್ಥಿಸಿದ್ದಾರೆ.

ಗ್ರೀಕ್ ಭಾಷೆಯಿಂದ ಬಂದ ಈ ಹೆಸರಿಗೆ ಗಡುಸು ಚರ್ಮವೆಂದು ಅರ್ಥ. ನಮ್ಮ ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿಬಿದ್ದು, ಕೊಲಾಜನ್ ಎಂಬ ನಾರಿನ ಪದಾರ್ಥ ಮಿತಿಮೀರಿ ತುಂಬಿಕೊಳ್ಳುತ್ತದೆ. ಮುಖದ ಚರ್ಮ ಬಿಗಿಯುತ್ತದೆ. ತುಟಿಗಳು ತೆಳುವಾಗಿ, ಸುತ್ತಲೂ ಚೀಲದ ಬಾಯಿಗೆ ದಾರ ಎಳೆದಂತೆ ನೆರಿಗೆಗಳು ಮೂಡುತ್ತವೆ. ಬಾಯಿ ಕಿರಿದಾಗುತ್ತ ಬಂದು, ಚಮಚ ಹೋಗುವುದೂ ಕಷ್ಟವಾಗುತ್ತದೆ. ಹಲ್ಲಿನ ವೈದ್ಯನ ಸಲಕರಣೆಯಂತೂ ದೂರ ಉಳಿಯಿತು. ನಾಲಗೆಯ ಕೆಳಗಿನ ಪೊರೆ ಮೋಟಾಗುತ್ತದೆ. ಅನೇಕರಿಗೆ ಜೊಲ್ಲು ಬತ್ತಿ, ಹಲ್ಲು ಹುಳುಕು ಹಿಡಿದು, ವಸಡು ಕೆಡುತ್ತದೆ. ಹಲ್ಲಿನ ಬೇರಿಗೂ ಮೂಳೆಗೂ ನಡುವಣ ತೆರಪು ಅಗಲವಾಗಿರುವುದು ಎಕ್ಸ್-ರೇಯಲ್ಲಿ ಕಾಣುತ್ತದೆ. ಕೆಲವರಲ್ಲಿ ಕೆಳದವಡೆಯ ಮೂಳೆಯೇ ಮೂಲೆಗಳಲ್ಲಿ ಸವೆದುಹೋಗುವುದುಂಟು. ಗುಣಪಡಿಸುವ ಔಷಧ ಇನ್ನೂ ಇಲ್ಲ. ಬಾಯನ್ನು ದಿನವೂ ಹಿಗ್ಗಿಸುವ ವ್ಯಾಯಾಮ ಮಾಡಿಸಿ ಇದ್ದಷ್ಟನ್ನು ಉಳಿಸಿಕೊಳ್ಳಲು ನೋಡುತ್ತಾರೆ.

ಈ ಹೆಸರನ್ನು ನಾನು ಮೊದಲು ಕಂಡದ್ದು ನಮ್ಮ ಸೋದರತ್ತೆಯ ಆಸ್ಪತ್ರೆಯ ಚೀಟಿಯಲ್ಲಿ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ ಆದುದರಿಂದ ಅದನ್ನು ನನ್ನ ಕೈಗಿತ್ತರು. ಹೊಲದಿಂದ ಬಂದು ಎರಡು ಮುದ್ದೆ ಉಣ್ಣುತ್ತಿದ್ದ ಅತ್ತೆ ಈಗ ಅಂಬಲಿಯಲ್ಲೇ ದಿನ ಕಳೆಯುತ್ತಾರೆ. ಬೀಗರೂಟಕ್ಕೆ ಹೋದರೂ ಪಂಕ್ತಿಯಲ್ಲಿ ಕೂರುವುದಿಲ್ಲ. ಎಲ್ಲರೂ ಎದ್ದ ಮೇಲೆ ಅಡಿಗೆಮನೆಯ ಬಾಗಿಲ ಮರೆಯಲ್ಲಿ ಲೋಟ ಹಿಡಿಯುತ್ತಾರೆ. ಇದನ್ನು ಬಿಂಕವೆಂದು ಆಡಿಕೊಂಡವರೂ ಉಂಟು. ಅದಕ್ಕೆಂದೇ, ಕ್ಲೇಯೂ ಒಬ್ಬನೇ ಕುಳಿತು ಉಣ್ಣುತ್ತಿದ್ದನೆಂಬ ಸಂಗತಿಯನ್ನು ಓದಿದಾಗ ನಾನು ಪುಟ ತಿರುವಲಾರದೆ ಹೋದೆ.

ಆತನ ರೋಗ ಅನ್ನನಾಳಕ್ಕೂ ಇಳಿದಿತ್ತು. ಅನ್ನದ ಒಂದು ಅಗುಳೂ ಗಂಟಲಿನಿಂದಾಚೆ ಹೋಗದೆಂಬ ಸ್ಥಿತಿ ಬಂದಿತು. ದ್ರವಪದಾರ್ಥವೋ ನುಣ್ಣಗೆ ಅರೆದದ್ದೋ ಮಾತ್ರ ಆಹಾರ. ಪ್ರೀತಿಯಿಂದ ಬೇಯಿಸಿ ಬಡಿಸುತ್ತಿದ್ದ ಮನುಷ್ಯನಿಗೆ ಬಂದ ಗತಿ ಇದು! ಮುಖ ಮುಖವಾಡದಂತೆ ಬಿಗಿಯಿತು. ಪಿಟೀಲು ಮೂಲೆ ಸೇರಿತು.

ಈ ವ್ಯಾಧಿ ಸಾಮಾನ್ಯವಾಗಿ ಬೆರಳುಗಳನ್ನೂ ಬಿಡದೆ ಕೊಕ್ಕೆಯಂತೆ ಮಡಿಸಿಬಿಡುತ್ತದೆ. ಕ್ಲೇಯ ಕೈಗಳನ್ನು ಮಾತ್ರ ಅದು ಬಹುಮಟ್ಟಿಗೆ ಉಳಿಸಿತು. 1936ರಲ್ಲಿ ಆತನಿಂದಾದದ್ದು ಬರಿಯ 25 ಕೃತಿಗಳು. 1937ರಲ್ಲಿ 264, ಅದೇ ವರ್ಷ ನಾತ್ಸಿಗಳು ಆತನ 17 ಚಿತ್ರಗಳನ್ನು ಅವನತ ಕಲೆಯೆಂದು ಹೆಸರಿಟ್ಟು ಅಣಕದ ಪ್ರದರ್ಶನದಲ್ಲಿ ತೂಗುಹಾಕಿದರು. 1938ರಲ್ಲಿ 489. 1939ರಲ್ಲಿ 1253, ಎಂದರೆ ದಿನಕ್ಕೆ ಮೂರಕ್ಕೂ ಮೇಲು. ನವಿರಾದ ಗೆರೆಗಳು ಹೋಗಿ ದಪ್ಪವಾದ ಕಪ್ಪು ಗೆರೆಗಳು ಬಂದುವು.

ನೋವೇ ಆತನನ್ನು ದೊಡ್ಡ ಕಲಾವಿದನನ್ನಾಗಿ ಮಾಡಿತೆಂದು ಹೇಳುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ರೋಗ ಬರುವುದಕ್ಕೆ ಮುಂಚೆಯೇ ಆತನು ಯುರೋಪಿಗೆಲ್ಲ ಪರಿಚಿತನಾಗಿದ್ದನು. ರೋಗವು ತಾನಾಗಿ ಏನು ಕೊಟ್ಟೀತೆಂಬುದಕ್ಕೆ 1936ರ ಆ ಇಪ್ಪತ್ತೈದೇ ಸಾಕ್ಷಿ. ಮಿಕ್ಕದ್ದು ಆತನ ದುಡಿಮೆ.

ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲೇ ಆದರೂ ತಂದೆಯ ಕಡೆಯಿಂದ ಕ್ಲೇ ಜರ್ಮನ್ ಪ್ರಜೆಯಾಗಿದ್ದನು. ಸ್ವಿಸ್ ಪೌರತ್ವಕ್ಕೆ ಹಾಕಿದ್ದ ಅರ್ಜಿ ಇತ್ಯರ್ಥವಾಗುವ ಮೊದಲೇ, 1940ನೆಯ ಜೂನ್ 29ರಂದು, ಲೊಕಾರ್ನೋ ಬಳಿಯ ಮುರಾಲ್ಟೋದ ಚಿಕಿತ್ಸಾಲಯದಲ್ಲಿ ತೀರಿಕೊಂಡನು. ಬರ್ನಿನ ಮನೆಯಲ್ಲಿ ಹೆಸರಿಡದ ಚಿತ್ರವೊಂದು ಉಳಿದಿತ್ತು. ಕಪ್ಪು ಹಿನ್ನೆಲೆ, ಮೇಜಿನ ಮೇಲೆ ಚದುರಿದ ಹೂಗಳು, ಒಂದು ಹೂಜಿ, ಕೆಳಗಿನ ಮೂಲೆಯಲ್ಲಿ ಒಬ್ಬ ದೇವದೂತ.